ಸೈಜು ಒಂದೇ, ಸುತ್ತಳತೆ ಬೇರೆ: ಆಲ್-ವೀಲ್-ಡ್ರೈವ್ ಕಾರಿಗೆ ದೊಡ್ಡ ಚಕ್ರ ಹಾಕಿ ಕಲಿತದ್ದು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಹತ್ತಿರದ ಒಂದು ಟೈರು ಮತ್ತು ಅಲೈನ್‌ಮೆಂಟ್ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು, ಇದೇ ಕಸುಬಿನಲ್ಲಿರುವವರಿಗೂ ಆಲ್-ವೀಲ್-ಡ್ರೈವ್ (ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗಬಲ್ಲ) ಕಾರು ಇಟ್ಟುಕೊಂಡಿರುವವರಿಗೂ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮದ್ದೂರಿನ ಕಡೆಯ ಗೌಡರೊಬ್ಬರು ನಮ್ಮ ಹಳೆಯ ಗಿರಾಕಿ. ಅವರ ಗದ್ದೆಗೆ ನಾಲೆಯ ಏರಿಯ ಮೇಲೆಯೇ ಹೋಗಬೇಕು. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರುಗಳು ಓಡಾಡಿ ದಾರಿಯಲ್ಲಿ ಆಳವಾದ ಜಾಡು ಬೀಳುವುದರಿಂದ, ಕಾರಿನ ಹೊಟ್ಟೆ ನಡುವಿನ ದಿಣ್ಣೆಗೆ ತಾಗುತ್ತದೆ ಎಂಬುದು ಅವರ ದೂರು. ಕಾರಿಗೆ ಕಾರ್ಖಾನೆಯಿಂದ ಬಂದಿದ್ದದ್ದು 215/60 ಆರ್17 ಟೈರು. ಅವರಿಗೆ 235/55 ಆರ್18 ಬೇಕಾಗಿತ್ತು, ಏಕೆಂದರೆ ಚಕ್ರ ಒಂದು ಇಂಚು ದೊಡ್ಡದಾದರೆ ಕಾರೂ ಒಂದು ಇಂಚು ಮೇಲೇಳುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು.

ಲೆಕ್ಕ ಹಾಗೆ ಬರುವುದಿಲ್ಲ. 215 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ; 60 ಎಂದರೆ ಆ ಅಗಲದ ನೂರಕ್ಕೆ ಅರವತ್ತು ಪಾಲು ಪಕ್ಕದ ಗೋಡೆಯ ಎತ್ತರ, ಅಂದರೆ 129 ಮಿ.ಮೀ. ರಿಮ್ಮಿನ 17 ಇಂಚಿಗೆ 431.8 ಮಿ.ಮೀ. ಆಗುತ್ತದೆ, ಅದಕ್ಕೆ ಮೇಲೊಂದು ಕೆಳಗೊಂದು ಗೋಡೆ ಸೇರಿಸಿದರೆ ಇಡೀ ಚಕ್ರದ ವ್ಯಾಸ ಸುಮಾರು 690 ಮಿ.ಮೀ. ಗೌಡರು ಕೇಳಿದ ಟೈರಿನ ವ್ಯಾಸ 716ರ ಹತ್ತಿರ ಬರುತ್ತದೆ. ವ್ಯಾಸದಲ್ಲಿ ಹೆಚ್ಚಾದ 26 ಮಿ.ಮೀ.ನಲ್ಲಿ ಅರ್ಧ ಮಾತ್ರ ಅಚ್ಚಿನ ಕೆಳಗೆ ಬರುವುದರಿಂದ ಕಾರು ಏಳುವುದು 13 ಮಿ.ಮೀ., ಅಂದರೆ ಅರ್ಧ ಇಂಚು. ಅಷ್ಟಕ್ಕಾಗಿ ಸುತ್ತಳತೆ ನೂರಕ್ಕೆ 3.8ರಷ್ಟು ಹೆಚ್ಚುತ್ತದೆ, ಸ್ಪೀಡೋಮೀಟರು ಅಷ್ಟೇ ಕಡಿಮೆ ತೋರಿಸುತ್ತದೆ, ಎಂಜಿನ್ನಿಗೆ ಗೇರು ಭಾರವಾಗುತ್ತದೆ. ನಾನು ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದ ಮೇಲೆ 225/55 ಆರ್18ಕ್ಕೆ ಅವರು ಒಪ್ಪಿದರು. ಅದರ ವ್ಯಾಸ 705 ಮಿ.ಮೀ.; ಹೆಚ್ಚಳ ನೂರಕ್ಕೆ 2ರ ಆಸುಪಾಸು. ಕಾರು ಏಳುವುದು ಏಳೂವರೆ ಮಿ.ಮೀ. ಮಾತ್ರ ಎಂದು ಹೇಳಿದಾಗ ಅವರ ಮುಖ ಸಪ್ಪಗಾದರೂ ಅಲಾಯ್ ಚಕ್ರಗಳ ಅಂದ ನೋಡಿ ಸಮಾಧಾನಪಟ್ಟುಕೊಂಡರು.

ನಾಲ್ಕು ರಿಮ್ಮುಗಳನ್ನು ಟೈರುಗಳ ಸಮೇತ ಅವರೇ ಬೆಂಗಳೂರಿನಿಂದ ಸೆಕೆಂಡ್‌ಹ್ಯಾಂಡ್ ತಂದರು. ನಾನು ಬೋಲ್ಟುಗಳ ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ) ನೋಡಿದೆ, ರಿಮ್ಮಿನ ನಡುವಿನ ತೂತು ಕಾರಿನ ಹಬ್ಬಿಗಿಂತ ದೊಡ್ಡದಿದ್ದುದರಿಂದ ಸರಿಯಾದ ರಿಂಗ್ ಹಾಕಿದೆ, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖಕ್ಕಿರುವ ದೂರ) ಅಳೆದೆ. ಟೈರಿನ ಮೇಲೆ ಲೋಡ್ ಇಂಡೆಕ್ಸ್ 98 ಎಂದಿತ್ತು. ಅಂದರೆ ಒಂದೊಂದು ಟೈರು ಹೊರಬಹುದಾದ ಭಾರ 750 ಕೆ.ಜಿ., ಹಳೆಯದರ 96ಕ್ಕಿಂತ 40 ಕೆ.ಜಿ. ಹೆಚ್ಚು. ನಾಲ್ಕು ಜನರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟದ ತಿರುವುಗಳನ್ನು ಹತ್ತಿ ಇಳಿದೆವು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೂ ಫೆಂಡರಿಗೆ ಎಲ್ಲೂ ತಾಗಲಿಲ್ಲ. ಇಷ್ಟೆಲ್ಲ ನೋಡಿದವನು ಟ್ರೆಡ್ಡಿನ (ಟೈರಿನ ಮೇಲಿನ ಗೀರುಗಳ) ಆಳವನ್ನು ಮಾತ್ರ ಕಣ್ಣಳತೆಯಲ್ಲೇ ಬಿಟ್ಟೆ. ನಾಲ್ಕರ ಮೇಲೂ ಒಂದೇ ಸೈಜು ಬರೆದಿತ್ತು, ಯಾವುದೂ ನುಣ್ಣಗಾಗಿರಲಿಲ್ಲ.

ಮೂರು ವಾರ ಕಳೆದ ಮೇಲೆ ಗೌಡರು ಮತ್ತೆ ಬಂದರು. "ಏನಪ್ಪಾ, ಈ ಚಕ್ರ ಹಾಕ್ಸ್ದಾಗಿಂದ ಗಾಡಿ ತಿರುಗ್ಸುವಾಗ ಯಾರೋ ಹಿಂದ್ಗಡೆಯಿಂದ ಹಿಡ್ಕಂಡಂಗಾಯ್ತದೆ" ಎಂದರು. ಕೆಸರಿನಲ್ಲಿ ಲಾಕ್ (ಹಿಂದಿನ ಚಕ್ರಗಳಿಗೂ ಬಿಡದೆ ಶಕ್ತಿ ಹೋಗುವಂತೆ ಮಾಡುವ ಗುಂಡಿ) ಹಾಕಿಕೊಂಡು ಹೋದ ದಿನ, ಫೋರ್-ವೀಲ್ ವ್ಯವಸ್ಥೆ ಬಿಸಿಯಾಗಿದೆ ಎಂಬ ಸೂಚನೆಯೂ ಮೀಟರಿನಲ್ಲಿ ಬಂದಿತ್ತಂತೆ. ನಾನು ಅಲೈನ್‌ಮೆಂಟ್ ಮತ್ತೊಮ್ಮೆ ಮಾಡಿದೆ. ಚಕ್ರದ ಸೆನ್ಸರುಗಳನ್ನು ಒರೆಸಿ, ಸ್ಕ್ಯಾನರ್ ಹಚ್ಚಿ ನೋಡಿದೆ. ಎರಡು ದಿನ ವ್ಯರ್ಥವಾಯಿತು.

ಮೂರನೆಯ ದಿನ ನಮ್ಮ ಹಿರಿಯ ಮೇಸ್ತ್ರಿ ಸೀಮೆಸುಣ್ಣದ ಒಂದು ತುಂಡು ತಂದು, ನಾಲ್ಕು ಟೈರಿಗೂ ಗಾಳಿ ಒಂದೇ ಸಮನಾಗಿ ಹಿಡಿಸಿದರು. ಟೈರು ನೆಲಕ್ಕೆ ತಾಗುವ ಕಡೆ ಟೈರಿನ ಮೇಲೂ ನೆಲದ ಮೇಲೂ ಗೆರೆ ಎಳೆದು, ಕಾರನ್ನು ನೇರವಾಗಿ ತಳ್ಳಿಸಿ, ಗೆರೆ ಒಂದು ಸುತ್ತು ತಿರುಗಿ ಮತ್ತೆ ನೆಲ ಮುಟ್ಟಿದ ಕಡೆ ಇನ್ನೊಂದು ಗುರುತು ಹಾಕಿ ಟೇಪು ಹಿಡಿದರು. ಮುಂದಿನ ಚಕ್ರಕ್ಕೆ 2146 ಮಿ.ಮೀ. ಬಂತು, ಹಿಂದಿನದಕ್ಕೆ 2124. ಆಮೇಲೆ ಡೆಪ್ತ್ ಗೇಜ್ ಇಟ್ಟು ನೋಡಿದರೆ ಮುಂದಿನ ಎರಡರಲ್ಲಿ ಟ್ರೆಡ್ ಏಳೂವರೆ ಮಿ.ಮೀ. ಇತ್ತು, ಹಿಂದಿನ ಎರಡರಲ್ಲಿ ನಾಲ್ಕು. ಮಾರಿದವರು ಎರಡು ಬೇರೆ ಬೇರೆ ಸೆಟ್ಟುಗಳಿಂದ ಎರಡೆರಡು ಸೇರಿಸಿ ಕೊಟ್ಟಿದ್ದರೆಂದು ಕಾಣುತ್ತದೆ. ಆದರೆ ಅದನ್ನು ಹಿಡಿಯಬೇಕಾಗಿದ್ದವನು ನಾನು.

ಟೂ-ವೀಲ್-ಡ್ರೈವ್ ಕಾರಿನಲ್ಲಿ 22 ಮಿ.ಮೀ. ವ್ಯತ್ಯಾಸ ಗೊತ್ತೂ ಆಗುತ್ತಿರಲಿಲ್ಲ; ಹಿಂದಿನ ಚಕ್ರಗಳು ಮುಂದಿನವುಗಳ ಹಂಗಿಲ್ಲದೆ ಉರುಳುತ್ತವೆ. ಈ ಬಗೆಯ ಆಲ್-ವೀಲ್-ಡ್ರೈವಿನಲ್ಲಿ ಮುಂದಿನ ಗೇರ್‌ಬಾಕ್ಸಿನಿಂದ ಒಂದು ಶಾಫ್ಟು ಹಿಂದಕ್ಕೆ ಹೋಗುತ್ತದೆ. ಅದಕ್ಕೂ ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿಗೂ ನಡುವೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟುಗಳ ಕಪ್ಲಿಂಗ್ ಇರುತ್ತದೆ. ಮುಂದಿನ ಚಕ್ರ ಜಾರಿದಾಗ ಕಂಪ್ಯೂಟರು ಆ ಪ್ಲೇಟುಗಳನ್ನು ಅದುಮಿ ಹಿಂದಕ್ಕೂ ಶಕ್ತಿ ಕಳಿಸುತ್ತದೆ. ಚಿಕ್ಕ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತಬೇಕು. ನಮ್ಮ ಲೆಕ್ಕದಲ್ಲಿ ಕಿಲೋಮೀಟರಿಗೆ ಸುಮಾರು 5 ಸುತ್ತು ಹೆಚ್ಚು. ಮಂಡ್ಯದಿಂದ ಮೈಸೂರಿಗೆ ಬರುವ ನಲವತ್ತು ಕಿಲೋಮೀಟರಿನಲ್ಲಿ ಸುಮಾರು ಇನ್ನೂರು ಸುತ್ತು. ಪ್ಲೇಟುಗಳು ಸಡಿಲವಾಗಿರುವಾಗ ಆ ವ್ಯತ್ಯಾಸ ಎಣ್ಣೆಯಲ್ಲೇ ಕಳೆದುಹೋಗುತ್ತದೆ. ಲಾಕ್ ಹಾಕಿದಾಗ ಪ್ಲೇಟುಗಳು ಒಂದನ್ನೊಂದು ಉಜ್ಜುತ್ತ ಬಿಸಿಯಾಗುತ್ತವೆ. ಕೆಸರಿನಲ್ಲಿ ಟೈರು ಸ್ವಲ್ಪ ಜಾರಿಯಾದರೂ ಈ ಬಿಗಿತ ಕಳೆಯುತ್ತದೆ, ಒಣ ರಸ್ತೆಯಲ್ಲಿ ಅದಕ್ಕೂ ಅವಕಾಶವಿಲ್ಲ. ಗೌಡರು ಏರಿ ಇಳಿದ ಮೇಲೂ ಲಾಕ್ ತೆಗೆಯಲು ಮರೆಯುತ್ತಿದ್ದರಂತೆ.

ಕಪ್ಲಿಂಗಿನ ಎಣ್ಣೆ ಇಳಿಸಿದಾಗ ಕಪ್ಪಾಗಿತ್ತು, ಸೀದ ವಾಸನೆ ಬರುತ್ತಿತ್ತು. ಪ್ಲೇಟುಗಳಿಗೆ ಇನ್ನೂ ಹಾನಿಯಾಗಿರಲಿಲ್ಲ. ಮುಂದಿನವುಗಳದ್ದೇ ಕಂಪನಿಯ, ಅದೇ ಮಾದರಿಯ ಎರಡು ಹೊಸ ಟೈರು ತರಿಸಿದೆವು. ಹೊಸದರಲ್ಲಿ ಟ್ರೆಡ್ ಎಂಟು ಮಿ.ಮೀ. ಇದ್ದುದರಿಂದ ಸುತ್ತಳತೆಯ ವ್ಯತ್ಯಾಸ ಮೂರು ಮಿ.ಮೀ.ಗೆ ಇಳಿಯಿತು. ಟೈರಿನ ಹಣ ಗೌಡರು ಕೊಟ್ಟರು. ಎಣ್ಣೆ ಮತ್ತು ಕೂಲಿಯನ್ನು ನಾನು ಕೇಳಲಿಲ್ಲ, ಕೇಳುವ ಮುಖವೂ ಇರಲಿಲ್ಲ. ಈಗ ಅಂಥ ಕಾರು ಬಂದರೆ ನಾಲ್ಕೂ ಟೈರಿನ ಟ್ರೆಡ್ ಮತ್ತು ಸುತ್ತಳತೆಯನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದು, ಐದು ಸಾವಿರ ಕಿಲೋಮೀಟರಿಗೊಮ್ಮೆ ಹಿಂದೆಮುಂದೆ ಬದಲಾಯಿಸಲು ಬನ್ನಿ ಎಂದು ಹೇಳಿ ಕಳಿಸುತ್ತೇನೆ. ಇಂಥ ಬದಲಾವಣೆ ಮಾಡಿಸುವವರು ವಿಮೆಯವರಿಗೂ ತಿಳಿಸಿರುವುದು ಒಳ್ಳೆಯದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂಥ ಮಾರ್ಪಾಡನ್ನು ಒಪ್ಪುವುದಿಲ್ಲ.

ಇನ್ನುಳಿದದ್ದು ಸ್ಟೆಪ್ನಿ. ಡಿಕ್ಕಿಯಲ್ಲಿರುವುದು ಇನ್ನೂ ಹಳೆಯ 17 ಇಂಚಿನ ಚಕ್ರವೇ. ಅದರ ಸುತ್ತಳತೆ ಉಳಿದವುಗಳಿಗಿಂತ ಸುಮಾರು 45 ಮಿ.ಮೀ. ಚಿಕ್ಕದು. ದಾರಿಯಲ್ಲಿ ಪಂಕ್ಚರ್ ಆದರೆ ಅದನ್ನು ಹಾಕಿಕೊಂಡು, ಲಾಕ್ ಮುಟ್ಟದೆ, ನಿಧಾನವಾಗಿ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಮಾತ್ರ ಹೋಗಿ ಎಂದು ಗೌಡರಿಗೆ ಹೇಳಿದ್ದೇನೆ. "ಹಂಗಾದ್ರೆ ಐದ್ನೇದೂ ಒಂದು ತರ್ಬೇಕಾಗಿತ್ತು ಅನ್ನು" ಎಂದರು. ಅದೇ ಮಾದರಿಯ ಐದನೆಯ ರಿಮ್ಮನ್ನು ನಾನು ಈಗಲೂ ಹುಡುಕುತ್ತಿದ್ದೇನೆ.