ಅಷ್ಟು ದೊಡ್ಡ ನೀರಿನಲ್ಲಿ ಮೀನು ಎಲ್ಲಿದೆ ಎಂದು ಹೇಗೆ ತಿಳಿಯುತ್ತಿತ್ತು?

ಬಾಲ್ಯದ ಬೇಸಿಗೆ ರಜೆಯ ಒಂದಷ್ಟು ದಿನಗಳನ್ನು ಪ್ರತಿವರ್ಷ ಶರಾವತಿ ಹಿನ್ನೀರಿನ ದಡದ ಬಿಡಾರವೊಂದರಲ್ಲಿ, ಮನೆಮಂದಿಯೊಡನೆ ಮೀನು ಹಿಡಿಯುತ್ತ ಕಳೆದವರು ನಾವು ಎಂದು ಹೇಳಿದಾಗಲೆಲ್ಲ, ಕೇಳಿಸಿಕೊಂಡವರಿಂದ ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ಕಣ್ಣು ಹಾಯಿಸಿದಷ್ಟು ದೂರವೂ ನೀರೇ ಇರುವ ಕಡೆ, ಮೀನು ಇಂಥಲ್ಲೇ ಇದೆ ಎಂದು ನಿಮಗೆ ಹೇಗೆ ತಿಳಿಯುತ್ತಿತ್ತು? ಬೇರೆಯವರಿಗೆ ಇದು ಅದೃಷ್ಟದ ಮಾತೆಂದು ತೋರುತ್ತದೆ. ಅದೃಷ್ಟದ ಪಾಲು ಅದರಲ್ಲಿ ಬಹಳ ಕಡಿಮೆ. ಅಜ್ಜನಿಗೆ ಅದು ತಿಳಿಯುತ್ತಿದ್ದುದು, ಆ ನೀರಿನ ತಳವನ್ನು ಅವರು ಹಿಂದೊಮ್ಮೆ ಉತ್ತಿದ್ದರು ಎಂಬ ಕಾರಣಕ್ಕೆ. ಅಮ್ಮನಿಗೆ ತಿಳಿಯುತ್ತಿದ್ದುದು ಬೇರೆಯೇ ಕಾರಣಕ್ಕೆ. ಇಬ್ಬರ ಲೆಕ್ಕವೂ ಒಂದಕ್ಕೊಂದು ಕೂಡುತ್ತಿರಲಿಲ್ಲ, ಹಾಗಿದ್ದೂ ಇಬ್ಬರ ಬುಟ್ಟಿಗೂ ಮೀನು ಬೀಳುತ್ತಿತ್ತು.

ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ತುಂಬಿದಾಗ ಅದರಲ್ಲಿ ನಿಲ್ಲುವ ನೀರು ಸುಮಾರು 151 ಟಿಎಂಸಿ. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ಆ ನೀರಿನಡಿಗೆ ಹೋದವು. ಕರೂರು ಹೋಬಳಿಯ ಅಂಚಿನಲ್ಲಿದ್ದ ನಮ್ಮ ಅಜ್ಜನ ಊರೂ ಅವುಗಳಲ್ಲಿ ಒಂದು. ಗದ್ದೆ ಗೇಣಿಯದಾಗಿದ್ದುದರಿಂದ ಪರಿಹಾರವೆಂದು ಕೈಸೇರಿದ್ದು ಅಲ್ಪ. ಲಾರಿಯಲ್ಲಿ ಪಾತ್ರೆಪಡಗ, ದನಕರುಗಳೊಡನೆ ಶಿವಮೊಗ್ಗದ ಕಡೆಯ ಕಾಡಂಚಿಗೆ ಬಂದಿಳಿದ ಮನೆತನಗಳಲ್ಲಿ ನಮ್ಮದೂ ಸೇರಿತ್ತು. ಹಾಗೆ ಬಂದವರಲ್ಲಿ ಅನೇಕರ ಭೂಮಿಯ ಹಕ್ಕುಪತ್ರದ ವಿವಾದ ಇಂದಿಗೂ ಮುಗಿದಿಲ್ಲ. ಆ ಕಥೆಯನ್ನು ಬೇರೆಯಾಗಿಯೇ ಬರೆಯಬೇಕು. ಇಲ್ಲಿಗೆ ಬೇಕಾದ ಸಂಗತಿಯೆಂದರೆ, ಅಜ್ಜನ ದಾಯಾದಿಯೊಬ್ಬರ ಮನೆ ಗುಡ್ಡದ ಮೇಲ್ಭಾಗದಲ್ಲಿದ್ದುದರಿಂದ ಮುಳುಗದೆ ಉಳಿಯಿತು, ಅವರ ಬೇಣದ, ಎಂದರೆ ಹುಲ್ಲುಗಾವಲಿನ, ಕೆಳತುದಿಗೆ ನೀರು ಬಂದು ನಿಂತಿತು, ಮತ್ತು ಅಲ್ಲಿ ಅವರು ದೋಣಿ, ಬಲೆಗಳನ್ನಿಡಲು ಒಂದು ಬಿಡಾರ ಕಟ್ಟಿದರು. ಬೇಸಿಗೆಯಲ್ಲಿ ಅದು ನಮ್ಮದಾಗುತ್ತಿತ್ತು.

ಬಿಡಾರವೆಂದರೆ ಕಾಡುಮರದ ಕಂಬ, ಅಡಕೆ ಸೋಗೆಯ ಮಾಡು, ಮೂರು ಕಡೆ ಬಿದಿರು ತಟ್ಟಿಯ ಗೋಡೆ, ನಾಲ್ಕನೆಯ ಕಡೆ ಬಯಲು. ಕರೆಂಟು ಇರಲಿಲ್ಲ. ನಾಡಿಗೆಲ್ಲ ವಿದ್ಯುತ್ ಕೊಟ್ಟ ನೀರಿನ ದಡದಲ್ಲಿ ಸೀಮೆಎಣ್ಣೆ ಬುಡ್ಡಿ ಹಚ್ಚಿ ಮಲಗುತ್ತಿದ್ದೆವು ಎಂದರೆ ಈಗಿನವರು ನಾನು ಮಾತಿಗೆ ಬಣ್ಣ ಕಟ್ಟುತ್ತಿದ್ದೇನೆ ಎಂದುಕೊಳ್ಳುತ್ತಾರೆ, ಆದರೆ ಆ ಸೀಮೆಯ ಎಷ್ಟೋ ಮನೆಗಳ ಸ್ಥಿತಿ ಎಂಬತ್ತರ ದಶಕದಲ್ಲಿ ಹಾಗೆಯೇ ಇತ್ತು. ಸಾಗರದವರೆಗೆ ಒಂದು ಬಸ್ಸು, ಅಲ್ಲಿಂದ ಹೊಳೆಬಾಗಿಲಿಗೆ ಇನ್ನೊಂದು, ಹೊಳೆಬಾಗಿಲಿನಲ್ಲಿ ಲಾಂಚು ಹತ್ತಿ ಕಳಸವಳ್ಳಿಯ ದಡಕ್ಕೆ, ಆಮೇಲೆ ಅಕ್ಕಿ, ಮೆಣಸು, ಹಾಸಿಗೆಗಳ ಗಂಟು ಹೊತ್ತು ನಡಿಗೆ. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಈಚೆ ದಡದಲ್ಲೇ ರಾತ್ರಿ.

ಹೊರಡುವ ದಿನವನ್ನು ಗೊತ್ತುಮಾಡುತ್ತಿದ್ದುದು ಪತ್ರಿಕೆಯ ಒಂದು ಸಣ್ಣ ಚೌಕ. ಜಲಾಶಯಗಳ ನೀರಿನ ಮಟ್ಟವನ್ನು ಅಡಿಗಳಲ್ಲಿ ಮುದ್ರಿಸುವ ಆ ಚೌಕವನ್ನು ಬೇರೆಯವರು ಮಳೆಗಾಲದಲ್ಲಿ, ಅಣೆಕಟ್ಟು ಎಷ್ಟು ತುಂಬಿತು ಎಂದು ನೋಡುವುದಕ್ಕಾಗಿ ಓದುತ್ತಾರೆ. ಅಜ್ಜ ಅದನ್ನು ಓದಿಸಿಕೊಳ್ಳುತ್ತಿದ್ದುದು ಮಾರ್ಚ್ ತಿಂಗಳ ನಂತರ. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಅಡಿಗಳ ಲೆಕ್ಕ ಕೇಳಿದ ಕೂಡಲೆ ಯಾವ ಮಟ್ಟಕ್ಕೆ ಯಾವ ನೆಲ ಮೇಲೆ ಬರುತ್ತದೆ, ಯಾವುದು ಇನ್ನೂ ನೀರಿನಡಿ ಇರುತ್ತದೆ ಎಂಬುದು ಅವರಿಗೆ ಬಾಯಿಪಾಠ. ಮಟ್ಟ ಇಷ್ಟಕ್ಕಿಳಿದರೆ ಮೇಲುಗದ್ದೆಯ ಅಂಚು ಕಾಣುತ್ತದೆ. ಇನ್ನಷ್ಟು ಇಳಿದರೆ ಕೆರೆಯ ದಂಡೆ. ಮತ್ತೂ ಇಳಿದರೆ ಹಳ್ಳಕ್ಕೆ ಇಳಿಯುತ್ತಿದ್ದ ಗಾಡಿದಾರಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ನೀರು ಎಷ್ಟು ಕೆಳಗೆ ಹೋಗುತ್ತಿತ್ತೆಂದರೆ, ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕಾಗಿ 1940ರ ದಶಕದಲ್ಲಿ ಕಟ್ಟಿ, ಮುಂದೆ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿಹೋದ ಹಿರೇಭಾಸ್ಕರ ಅಣೆಕಟ್ಟೇ ಮಡೆನೂರಿನ ಬಳಿ ಎದ್ದು ಕಾಣುತ್ತಿತ್ತು. ಅಂಥ ವರ್ಷ ಜನ ಅದನ್ನು ನೋಡಲು ಜಾತ್ರೆಗೆ ಹೋದಂತೆ ಹೋಗುತ್ತಿದ್ದರು. ಅಜ್ಜನಿಗೆ ಅದು ಮೀನಿಗೆ ಒದಗದ ವರ್ಷ. ನೀರು ತೀರಾ ಹಿಂದಕ್ಕೆ ಹೋದರೆ ಅವರ ಗುರುತಿನ ಜಾಗಗಳೆಲ್ಲ ಒಣಗಿ ಬಿರುಕು ಬಿಡುತ್ತಿದ್ದವು.

ಅವರ ವಿಧಾನವನ್ನು ಸ್ವಲ್ಪ ವಿವರಿಸಬೇಕು. ಮೀನು ನಸುಕಿನಲ್ಲಿ ಮತ್ತು ಸಂಜೆ ಮೇಯಲು ತೆಳುನೀರಿಗೆ ಬರುತ್ತದೆ, ಬಿಸಿಲೇರಿದಂತೆ ಆಳದ ತಂಪಿಗೆ ಇಳಿಯುತ್ತದೆ. ಇಷ್ಟು ಎಲ್ಲ ಬೆಸ್ತರಿಗೂ ಗೊತ್ತು. ಆದರೆ ಮೇಲಿನಿಂದ ಒಂದೇ ಸಮನೆ ಕಾಣುವ ನೀರಿನಲ್ಲಿ ಆಳ ಎಲ್ಲಿದೆ, ತೆಳು ಎಲ್ಲಿದೆ? ಅಜ್ಜ ದೋಣಿಯಲ್ಲಿ ನಿಂತು ಆಚೆ ದಡದ ಎರಡು ಗುಡ್ಡಗಳ ನಡುವಿನ ಕಣಿವೆಯನ್ನೂ, ಹಿಂದಕ್ಕೆ ತಿರುಗಿ ದಾಯಾದಿಯ ಮನೆಯ ಹೆಬ್ಬಲಸಿನ ಮರವನ್ನೂ ಒಂದು ಗೆರೆಗೆ ತಂದುಕೊಂಡು, ‘ಇಲ್ಲಿ ಹಳ್ಳ’ ಎನ್ನುತ್ತಿದ್ದರು. ಗಾಳದ ದಾರಕ್ಕೆ ಕಲ್ಲು ಕಟ್ಟಿ ಬಿಟ್ಟರೆ ಅದು ಇಳಿಯುತ್ತಲೇ ಹೋಗುತ್ತಿತ್ತು. ದೋಣಿಯನ್ನು ಸ್ವಲ್ಪ ಸರಿಸಿ ಬಿಟ್ಟರೆ ಅರ್ಧಕ್ಕೇ ನೆಲ ಮುಟ್ಟುತ್ತಿತ್ತು. ಹಳ್ಳ ತಿರುವು ತೆಗೆದುಕೊಳ್ಳುತ್ತಿದ್ದ ಕಡೆ ಮೊದಲಿನಿಂದಲೂ ಒಂದು ಗುಂಡಿಯಿತ್ತಂತೆ, ಎತ್ತುಗಳ ಮೈ ತೊಳೆಯುತ್ತಿದ್ದ ಗುಂಡಿ. ನಡು ಮಧ್ಯಾಹ್ನ ಬೇರೆಲ್ಲೂ ಗಾಳ ಅಲುಗದಿದ್ದಾಗ ಅಲ್ಲಿ ಬಾಳೆಮೀನು ಕಚ್ಚುತ್ತಿತ್ತು. ಊರಿನ ಬಿದಿರು ಮೆಳೆಯಿದ್ದ ಕಡೆ ಬೊಡ್ಡೆಗಳು ಉಳಿದಿದ್ದರಿಂದ ಬಲೆ ಹಾಕಿದರೆ ಹರಿದೇ ಹೋಗುತ್ತಿತ್ತು, ಆದ್ದರಿಂದ ಬಲೆಯವರು ಅತ್ತ ಸುಳಿಯುತ್ತಿರಲಿಲ್ಲ, ಆದ್ದರಿಂದಲೇ ಗಾಳದವರಾದ ನಮಗೆ ಅದು ಕಾಯ್ದಿಟ್ಟ ಜಾಗ. ಕಾಟ್ಲ, ರೋಹುಗಳನ್ನು ಅಜ್ಜ ಸರ್ಕಾರಿ ಮೀನು ಎಂದು ಕರೆಯುತ್ತಿದ್ದರು. ಅವು ಗಂಗೆಯ ಸೀಮೆಯ ಮೀನುಗಳು. ಮೀನುಗಾರಿಕೆ ಇಲಾಖೆ ಮರಿ ತಂದು ಬಿಟ್ಟಿದ್ದರಿಂದ ಇಲ್ಲಿ ಬೆಳೆದಂಥವು. ಅವುಗಳಿಗೆ ಊರಿನ ಹಳ್ಳ, ಕೆರೆಗಳ ಪರಿಚಯವಿಲ್ಲ ಎಂಬುದು ಅಜ್ಜನ ತರ್ಕ. ಇದನ್ನು ಅವರು ಪೂರ್ತಿ ತಮಾಷೆಗೆ ಹೇಳುತ್ತಿದ್ದರು ಎಂದು ನನಗೆ ಅನ್ನಿಸುವುದಿಲ್ಲ.

ಮಕ್ಕಳಿಗೆ ಒಪ್ಪಿಸಿದ ಕೆಲಸ ಬೆಂಡು, ಎಂದರೆ ಮೀನು ಕಚ್ಚಿದ್ದನ್ನು ತಿಳಿಸುವ ತೇಲುತುಂಡು, ನೋಡುವುದು. ವಾಟೆ ಬಿದಿರಿನ ಕೋಲು, ನೈಲಾನ್ ದಾರ, ನವಿಲುಗರಿಯ ದಂಟನ್ನು ಬೆರಳುದ್ದಕ್ಕೆ ಕತ್ತರಿಸಿ ಮಾಡಿದ ಬೆಂಡು, ಅದರ ಕೆಳಗೆ ಚಿವುಟಿದ ಸೀಸದ ಚೂರು, ತುದಿಗೆ ಗಾಳ. ಎಲ್ಲ ಮೀನೂ ಬೆಂಡನ್ನು ಮುಳುಗಿಸುತ್ತದೆ ಎಂದು ಹೊಸಬರು ತಿಳಿಯುತ್ತಾರೆ. ಗೆಂಡೆ ಹಾಗೆ ಮಾಡುವುದಿಲ್ಲ. ಅದು ತಳದ ಹಿಟ್ಟಿನುಂಡೆಯನ್ನು ಬಾಯಲ್ಲಿಟ್ಟುಕೊಂಡು ತಲೆಯೆತ್ತುತ್ತದೆ, ಸೀಸದ ಭಾರ ಹಗುರವಾಗುತ್ತದೆ, ನೆಟ್ಟಗೆ ನಿಂತಿದ್ದ ಬೆಂಡು ನಿಧಾನವಾಗಿ ಮೇಲೆದ್ದು ನೀರಿನ ಮೇಲೆ ಅಡ್ಡ ಮಲಗುತ್ತದೆ. ಆಗ ಎಳೆಯಬೇಕು. ಗಿರ್ಲು ಚುರುಕಾಗಿ ಕುಟುಕಿ ಕುಟುಕಿ ಬೆಂಡನ್ನು ಕುಣಿಸುತ್ತದೆ. ಅದಕ್ಕೆ ಅವಸರಪಟ್ಟರೆ ಎರೆಹುಳುವೂ ಹೋಯಿತು, ಮೀನೂ ಹೋಯಿತು. ಕುಚ್ಚುಮೀನಿನದು ಒಂದೇ ಎಳೆತ, ಅದೂ ಪಕ್ಕಕ್ಕೆ. ಕುಚ್ಚಿಗೆ ಸಣ್ಣ ಕಪ್ಪೆ, ಗಿರ್ಲಿಗೆ ಗೊಬ್ಬರಗುಂಡಿಯ ಎರೆಹುಳು, ರೋಹುವಿಗೆ ಹುರಿದ ತೌಡು ಮತ್ತು ಶೇಂಗಾ ಹಿಂಡಿ ಕಲಸಿದ ಉಂಡೆ. ಹಿಂಡಿಯ ವಾಸನೆ ಎರಡು ದಿನ ಕೈ ಬಿಡುತ್ತಿರಲಿಲ್ಲ.

ಅಮ್ಮ ಸೊರಬದ ಕಡೆಯವಳು. ಬೇಸಿಗೆಯಲ್ಲಿ ಬತ್ತಿದ ಕೆರೆಗೆ ಎಲ್ಲರೂ ಸೇರಿ ಮೀನಿಗಿಳಿಯುವ ಕೆರೆಬೇಟೆಯಲ್ಲಿ ಊರಿಗೆ ಊರೇ ಕೂಣಿ ಎಂಬ ಬಿದಿರಿನ ಬುಟ್ಟಿ ಹಿಡಿದು ಕೆಸರಿಗಿಳಿಯುವುದನ್ನು ನೋಡುತ್ತ ಬೆಳೆದವಳು. ಮದುವೆಯಾಗಿ ಬರುವ ಹೊತ್ತಿಗೆ ಅತ್ತೆಮನೆಯ ಊರು ಮುಳುಗಿ ವರ್ಷಗಳಾಗಿದ್ದವು, ಆದ್ದರಿಂದ ಅಜ್ಜನ ಹಳ್ಳ, ದಂಡೆ, ಗಾಡಿದಾರಿಗಳು ಅವಳಿಗೆ ಬರೀ ಮಾತು. ಅವಳು ನೋಡುತ್ತಿದ್ದುದು ನೀರಿನ ಮೈಯನ್ನು. ಕೆಸರು ಕೆದಕುವ ಗೆಂಡೆ ಸಣ್ಣ ಗುಳ್ಳೆಗಳ ಸಾಲನ್ನು ಮೇಲಕ್ಕೆ ಬಿಡುತ್ತದೆ. ತಳದ ಕೊಳೆತ ಸೊಪ್ಪಿನಿಂದ ಬರುವ ಗುಳ್ಳೆಯಾದರೆ ದೊಡ್ಡದು, ಒಂದೇ ಜಾಗದಲ್ಲಿ ಏಳುತ್ತದೆ. ಕುಚ್ಚುಮೀನು ಗಾಳಿ ಕುಡಿಯಲು ಮೇಲೆ ಬಂದೇ ಬರಬೇಕು, ಬಂದಲ್ಲಿ ‘ಬುಳುಕ್’ ಎನ್ನುತ್ತದೆ. ನೀರುಕಾಗೆಗಳು ಮುಳುಗಿ ಏಳುವ ಕಡೆ ಮರಿಮೀನಿನ ಹಿಂಡಿದೆ, ಅದರ ಹಿಂದೆಯೇ ಅದನ್ನು ತಿನ್ನುವ ದೊಡ್ಡ ಮೀನೂ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ಅವಳು ನಂಬುತ್ತಿದ್ದುದು ಗಾಳಿಯನ್ನು. ಏಪ್ರಿಲ್ ಮಧ್ಯಾಹ್ನಗಳಲ್ಲಿ ಪಡುವಣ ಗಾಳಿ ಬೀಸತೊಡಗಿದರೆ ನೀರಿನ ಮೇಲ್ಪದರದ ಪಾಚಿ, ಹುಳಹುಪ್ಪಟೆಗಳೆಲ್ಲ ಮೂಡಣ ದಡಕ್ಕೆ ತಳ್ಳಲ್ಪಡುತ್ತವೆ, ಮೇವು ಹೋದಲ್ಲಿಗೆ ಮೀನೂ ಹೋಗುತ್ತದೆ. ಗಾಳಿಯ ಏಟಿಗೆ ಅಲೆ ಬಡಿಯುವ ದಡದಲ್ಲಿ ಕೂರುವುದು ಹಿತವಲ್ಲವಾದ್ದರಿಂದ ಗಂಡಸರು ಮರೆಯ ಕಡೆ ಬೀಡಿ ಸೇದುತ್ತ ಕೂರುತ್ತಿದ್ದರು. ಅಮ್ಮ ತಲೆಗೆ ಟವೆಲ್ ಸುತ್ತಿಕೊಂಡು ಅಲೆಯ ಕಡೆಯೇ ಕೂರುತ್ತಿದ್ದಳು.

ಮಾವ, ಸೊಸೆಯರ ಈ ಪೈಪೋಟಿಯನ್ನು ಮನೆಯವರು ಬಾಯಿಬಿಟ್ಟು ಆಡುತ್ತಿರಲಿಲ್ಲ, ಆದರೆ ಸಂಜೆ ಬುಟ್ಟಿಗಳನ್ನು ಸುರಿಯುವಾಗ ಎಲ್ಲರ ಕಣ್ಣೂ ಅಲ್ಲೇ ಇರುತ್ತಿತ್ತು. ನಾನು ಗಮನಿಸಿದಂತೆ, ಮಳೆಯಿಲ್ಲದ, ಗಾಳಿಯಿಲ್ಲದ ಬಿರುಬೇಸಗೆಯ ದಿನಗಳಲ್ಲಿ ಅಜ್ಜನ ಕೈ ಮೇಲು. ಗಾಳಿ ಎದ್ದ ದಿನ, ಇಲ್ಲವೇ ಭರಣಿ ಮಳೆ ಒಂದೆರಡು ಹದ ಬಿದ್ದು ಮೇಲಿನ ಝರಿಗಳು ಕೆಂಪು ನೀರು ತರಲು ಶುರುಮಾಡಿದ ಮೇಲೆ, ಅಮ್ಮನ ಕೈ ಮೇಲು. ಆ ಕೆಂಪು ನೀರು ಸೇರುವ ಬಾಯಲ್ಲಿ ಮೀನು ಒತ್ತೊತ್ತಾಗಿ ನಿಲ್ಲುತ್ತದೆ, ಮಳೆಗಾಲದಲ್ಲಿ ಗದ್ದೆಗೆ ಹತ್ತುವ ಹತ್ತುಮೀನಿಗೆ ಅಲ್ಲಿಂದಲೇ ಪೀಠಿಕೆ. ಹೀಗೆ ಅಳೆದು ನೋಡಿದರೆ ಇಬ್ಬರೂ ಹೇಳುತ್ತಿದ್ದುದು ಸರಿಯೇ. ಆದರೆ ಮಳೆ ಬಿದ್ದ ಮೇಲೂ ಅಜ್ಜ ತಮ್ಮ ಹಳ್ಳದ ಗುಂಡಿಯನ್ನು ಬಿಟ್ಟು ಕದಲುತ್ತಿರಲಿಲ್ಲ. ಅವರು ಮೀನಿಗಾಗಿಯೇ ಅಲ್ಲಿ ಕೂರುತ್ತಿದ್ದರೇ ಎಂದು ಕೆಲವರು ಕೇಳುತ್ತಾರೆ, ನೆನಪಿಗಾಗಿ ಕೂರುತ್ತಿದ್ದರು ಎಂಬ ಉತ್ತರವನ್ನು ನನ್ನಿಂದ ಬಯಸುತ್ತಾರೆ. ಅವರನ್ನು ಕಂಡಿದ್ದ ನಾನು ಹಾಗೆ ಹೇಳಲಾರೆ. ಊರಿನ ಬಗ್ಗೆ ಅವರು ಆಡುತ್ತಿದ್ದ ಮಾತೆಲ್ಲ ಆಳ, ತೆಳು, ಬೊಡ್ಡೆ, ಕಲ್ಲು ಇಂಥವೇ. ಮೀನು ಬೀಳದಿದ್ದರೆ ಬೈಯುತ್ತಿದ್ದರು, ಬಿದ್ದರೆ ತೂಕ ಅಂದಾಜಿಸುತ್ತಿದ್ದರು.

ಇಬ್ಬರೂ ಒಂದಾಗುತ್ತಿದ್ದ ಸಂಗತಿ ಒಂದಿತ್ತು. ಕುಚ್ಚುಮೀನು ಮೊಟ್ಟೆಯೊಡೆದ ಮರಿಗಳನ್ನು ಬಿಟ್ಟು ಹೋಗುವುದಿಲ್ಲ. ದಡದ ಜೊಂಡಿನ ಬಳಿ ಕೇಸರಿಗೆಂಪು ಬಣ್ಣದ ಮರಿಗಳ ಒಂದು ಗುಪ್ಪೆ ನೀರಿನ ಮೇಲೆ ಕುದಿಯುವಂತೆ ಆಡುತ್ತಿದ್ದರೆ, ಅದರ ಕೆಳಗೆ ತಾಯಿಯೋ ತಂದೆಯೋ ಕಾವಲಿಗಿದೆ ಎಂದೇ ಅರ್ಥ, ಮತ್ತು ಆಗ ಅದು ಎದುರಿಗೆ ಬಂದ ಏನನ್ನಾದರೂ ಕಚ್ಚುತ್ತದೆ. ಅದಕ್ಕಿಂತ ಸುಲಭದ ಬೇಟೆ ಇಲ್ಲ. ಅಲ್ಲಿಗೆ ಗಾಳ ಬಿಡಕೂಡದು ಎಂಬುದು ಬಿಡಾರದ ಕಟ್ಟಳೆ. ಬಿಟ್ಟ ನೆಂಟರ ಹುಡುಗನೊಬ್ಬನಿಗೆ ಆ ರಾತ್ರಿ ಸಾರಿನಲ್ಲಿ ಮೀನಿನ ಹೋಳು ಹಾಕಲಿಲ್ಲ.

ಸಾರಿಗೆ ಒಣಗಿಸಿದ ವಾಟೆಹುಳಿ, ಸೂಜಿಮೆಣಸು, ಬೇರೇನೂ ಹೆಚ್ಚಿಗೆ ಇಲ್ಲ. ಮೀನನ್ನು ಒಲೆಯ ಬೂದಿ ಹಚ್ಚಿ ಉಜ್ಜಿದರೆ ಲೋಳೆ ಹೋಗುತ್ತಿತ್ತು. ಉಳಿದದ್ದನ್ನು ಉಪ್ಪು ಸವರಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ ಹೊಗೆಗೆ ಒಣಗಿಸಿ ಊರಿಗೆ ಒಯ್ಯುತ್ತಿದ್ದೆವು. ಹೋಗುತ್ತಿದ್ದುದಕ್ಕೆ ಅದೂ ಒಂದು ಕಾರಣ. ಆ ಒಣಮೀನು ಆರಿದ್ರಾ ಮಳೆಯ ನಾಟಿ ಕೆಲಸದವರೆಗೂ ಗಂಜಿಯ ಜೊತೆಗೆ ಆಗುತ್ತಿತ್ತು.

ಈಗ ಅಜ್ಜ ಇಲ್ಲ, ಬಿಡಾರವೂ ಇಲ್ಲ. ಹಿನ್ನೀರಿನ ಒಂದು ಭಾಗ 1972ರಿಂದಲೇ ವನ್ಯಜೀವಿಧಾಮ. 2019ರಲ್ಲಿ ಅದನ್ನು ವಿಸ್ತರಿಸಿ ಸಿಂಗಳೀಕಗಳ ಹೆಸರಿನಲ್ಲಿ ಘೋಷಿಸಿದ ಮೇಲೆ ದಡದಲ್ಲಿ ಕಂಡಕಂಡಲ್ಲಿ ಒಲೆ ಹೂಡಿ ಮಲಗುವ ಕಾಲ ಮುಗಿಯಿತು. 2025ರ ಜುಲೈನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆಯಿತು, ಲಾಂಚಿಗೆ ಕಾಯದೆ ಕಾರಿನಲ್ಲೇ ಆಚೆ ದಡಕ್ಕೆ ಹೋಗಬಹುದು. ಕಳೆದ ಬೇಸಿಗೆ ದಾಯಾದಿಯ ಮನೆಗೆ ಹೋಗಿದ್ದಾಗ ನನ್ನ ಅಣ್ಣನ ಮಗ ನೀರಿನ ಆಳವನ್ನು ಫೋನಿನ ಪರದೆಯ ಮೇಲೆ ತೋರಿಸುವ ಒಂದು ಯಂತ್ರ ತಂದಿದ್ದ. ದೋಣಿಯಿಂದ ಅದನ್ನು ತೇಲಿಬಿಟ್ಟಾಗ ಅಜ್ಜ ಹೇಳುತ್ತಿದ್ದ ಕೆರೆಯ ದಂಡೆ ಗೆರೆ ಎಳೆದಂತೆ ಕಂಡಿತು. ಹಳ್ಳ ಮಾತ್ರ ಮೇಲ್ಭಾಗದಲ್ಲಿ ಹೂಳು ತುಂಬಿ ಸಮತಟ್ಟಾಗಿದೆ, ಎತ್ತು ತೊಳೆಯುತ್ತಿದ್ದ ಗುಂಡಿ ಎಲ್ಲಿತ್ತೆಂದು ಯಂತ್ರಕ್ಕೂ ಗೊತ್ತಾಗಲಿಲ್ಲ. ಅಮ್ಮ ಆ ಪರದೆಯನ್ನು ಸ್ವಲ್ಪ ಹೊತ್ತು ನೋಡಿ, ಗಾಳಿ ಎತ್ತ ಬೀಸುತ್ತಿದೆ ಎಂಬುದು ಇದರಲ್ಲಿ ಬರುವುದಿಲ್ಲವೇ ಎಂದು ಕೇಳಿದಳು. ಬರುವುದಿಲ್ಲ ಎಂದ.

ಆದ್ದರಿಂದ ಜಾಗ ತೋರಿಸಿ ಎಂದು ಕೇಳುವವರಿಗೆ ನಾನು ಅಜ್ಜನ ಗುರುತುಗಳನ್ನು ಕೊಡುವುದಿಲ್ಲ. ಪತ್ರಿಕೆಯಲ್ಲಿ ಮಟ್ಟ ನೋಡಿಕೊಳ್ಳಿ, ಮೀನು ಹಿಡಿಯಲು ಬೇಕಾದ ಅನುಮತಿ ಪಡೆಯಿರಿ, ಮಧ್ಯಾಹ್ನ ಮೂರರ ಮೇಲೆ ಮೂಡಣ ದಡದಲ್ಲಿ ಅಲೆಗೆ ಎದುರಾಗಿ ಕೂರಿ, ಟವೆಲ್ ಮರೆಯಬೇಡಿ ಎನ್ನುತ್ತೇನೆ.