ಗೋಡೆ ಮೇಲಿನ ಜಾಝ್: ಆರು ತಿಂಗಳ ಲೆಕ್ಕ

ಕೈಗೆ ಬಂದದ್ದು ಚಿತ್ರದ ಕವರ್ ಇರುವ 9 ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ), ಅದರಲ್ಲಿ ಗೋಡೆ ಏರಿದ ಕವರ್ 6. ಜನವರಿಯಲ್ಲಿ ಶುರು ಮಾಡಿದಾಗ ಜೂನ್ ಹೊತ್ತಿಗೆ 20 ಅಂತ ಬರೆದಿಟ್ಟುಕೊಂಡಿದ್ದೆ. ಆಗಲಿಲ್ಲ, ಬಿಡಿ.

ಹಿಂದಿನದನ್ನು ಓದದವರಿಗೆ ಎರಡು ಮಾತು. ವಾರದ ಕೊನೆಗೆ ನಾನು ಐದು ಜನರ ಜಾಝ್ ಬ್ಯಾಂಡಿನಲ್ಲಿ ಡಬಲ್ ಬೇಸ್ (ನಿಂತು ನುಡಿಸುವ ದೊಡ್ಡ ತಂತಿವಾದ್ಯ) ನುಡಿಸುತ್ತೇನೆ. ಆಫ್ರಿಕನ್-ಅಮೆರಿಕನ್ ಕಲಾವಿದರ ಚಿತ್ರಗಳ ಹುಚ್ಚು ಬೇರೆ. ಆದರೆ ಎರ್ನಿ ಬಾರ್ನ್ಸ್ ಬರೆದ ‘ದ ಶುಗರ್ ಶ್ಯಾಕ್’ 2022ರ ಹರಾಜಿನಲ್ಲಿ ಹೋಗಿದ್ದು ಒಂದೂವರೆ ಕೋಟಿ ಡಾಲರಿಗೂ ಜಾಸ್ತಿಗೆ. ನಮಗೆ ಒಂದು ರಾತ್ರಿ ನುಡಿಸಿದರೆ ಸಿಗುವುದು ಊಟ, ಪೆಟ್ರೋಲ್ ದುಡ್ಡು. ಹಾಗಾಗಿ ಇಂಥ ಕಲಾವಿದರು ಬರೆದ ಚಿತ್ರ ಇರುವ ಎಲ್‌ಪಿ ಕವರ್‌ಗಳನ್ನು ಕೂಡಿಸುತ್ತಿದ್ದೇನೆ. ಒಂದಕ್ಕೆ 25 ಡಾಲರ್ ಮೀರಬಾರದು. ಜಾಝ್ ಆಗಿರಬೇಕು. ತಟ್ಟೆ ಹಾಡಬೇಕು.

ಎರಡನೇ ನಿಯಮ ಮೊದಲ ತಿಂಗಳೇ ಮುರಿಯಿತು. ಶುಗರ್ ಶ್ಯಾಕ್‌ನ ಒಂದು ರೂಪ ಮಾರ್ವಿನ್ ಗೇ ಅವರ 1976ರ ಆಲ್ಬಂ ಮೇಲಿದೆ. ಅದು ಜಾಝ್ ಅಲ್ಲ, ಸೋಲ್ ಸಂಗೀತ. ಉದ್ದುದ್ದ ಕೈಕಾಲಿನ ಆ ಕುಣಿತದವರನ್ನು ಅಂಗಡಿಯಲ್ಲೇ ಬಿಟ್ಟು ಬರೋಕಾಗುತ್ತಾ?

ಈ ಸಲದ ದೊಡ್ಡ ಬೇಟೆ ಸ್ಯಾಕ್ಸೊಫೋನ್ ವಾದಕ ಸ್ಟೀವ್ ಲೇಸಿ ಅವರ ‘ದ ಫಾರೆಸ್ಟ್ ಅಂಡ್ ದ ಝೂ’. ಹಳೆಯ ಪ್ರತಿ ಅಲ್ಲ, ಮರುಮುದ್ರಣ. ಕವರ್ ಮೇಲಿರುವುದು ಬಾಬ್ ಥಾಂಪ್ಸನ್ ಚಿತ್ರ. ಈತ ಹುಟ್ಟಿದ್ದು 1937ರಲ್ಲಿ, ಅಮೆರಿಕದ ಲೂಯಿವಿಲ್‌ನಲ್ಲಿ. ನ್ಯೂಯಾರ್ಕಿನ ಜಾಝ್ ಮಂದಿಯ ಜೊತೆಗೇ ಓಡಾಡಿಕೊಂಡಿದ್ದವರು. 1966ರಲ್ಲಿ ರೋಮ್‌ನಲ್ಲಿ ತೀರಿಕೊಂಡಾಗ ಬರೀ 28 ವರ್ಷ. ಅದೇ ವರ್ಷ, ಕೆಲವು ತಿಂಗಳ ಮೇಲೆ, ಬ್ಯೂನಸ್ ಐರಿಸ್‌ನಲ್ಲಿ ಈ ಎಲ್‌ಪಿಯ ಸಂಗೀತ ಕಛೇರಿ ಧ್ವನಿಮುದ್ರಣವಾಯಿತು. ಒಂದು ಬದಿ ‘ಫಾರೆಸ್ಟ್’, ಇನ್ನೊಂದು ಬದಿ ‘ಝೂ’. ಬೇಸ್ ನುಡಿಸಿದ್ದು ದಕ್ಷಿಣ ಆಫ್ರಿಕಾದ ಜಾನಿ ಡ್ಯಾನಿ. ಮೂರು ಸಲ ಕೇಳಿದೆ, ಎಲ್ಲಿ ಯಾವ ಸ್ವರ ಹಿಡಿದಿದ್ದಾರೆ ಅಂತ ಇನ್ನೂ ತಲೆಗೆ ಹತ್ತಿಲ್ಲ. ಚಿತ್ರ ಮಾತ್ರ ಮೊದಲ ನೋಟಕ್ಕೇ ಹತ್ತಿತು.

ಥಾಂಪ್ಸನ್ ಅವರ ‘ಗಾರ್ಡನ್ ಆಫ್ ಮ್ಯೂಸಿಕ್’ ಅಮೆರಿಕದ ಹಾರ್ಟ್‌ಫರ್ಡ್‌ನ ವಾಡ್ಸ್‌ವರ್ತ್ ಅಥೀನಿಯಮ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಜಾಝ್ ವಾದಕರಾದ ಆರ್ನೆಟ್ ಕೋಲ್ಮನ್, ಕೋಲ್ಟ್ರೇನ್, ಸನ್ನಿ ರಾಲಿನ್ಸ್ ಎಲ್ಲ ಒಂದೇ ತೋಟದಲ್ಲಿ. ಅದನ್ನೇನೂ ಮನೆಗೆ ತರುವಂತಿಲ್ಲ.

ಇನ್ನು ಗೋಳು. ಟ್ರಂಪೆಟ್ ವಾದಕ ಡೊನಾಲ್ಡ್ ಬರ್ಡ್ ಅವರ 1979ರ ಎಲ್‌ಪಿ, ಅದೂ ಬಾರ್ನ್ಸ್ ಚಿತ್ರದ್ದೇ, ಅಂಚೆಯಲ್ಲಿ ತರಿಸಿದೆ. ಮಾರಿದವರು ತಟ್ಟೆಯನ್ನು ಕವರ್ ಒಳಗೇ ಬಿಟ್ಟು ಕಳಿಸಿದ್ದರು. ದಾರಿಯುದ್ದಕ್ಕೂ ಕುಲುಕಿ, ತಟ್ಟೆಯ ಅಂಚು ಕವರ್‌ನ ಮೇಲ್ಗಡೆಯನ್ನು ಸೀಳಿಕೊಂಡು ಹೊರಗೆ ಬಂದಿತ್ತು. ಈಗ ದುಡ್ಡು ಕೊಡುವ ಮುಂಚೆಯೇ ಬರೆಯುತ್ತೇನೆ: ತಟ್ಟೆ ಬೇರೆ, ಕವರ್ ಬೇರೆ ಇಟ್ಟು ಕಳಿಸಿ. ಬೆಲೆಯ ಸ್ಟಿಕ್ಕರ್ ಕೀಳಲು ಹೇರ್ ಡ್ರೈಯರ್ ಸಾಕು. ಬಿಸಿ ಮಾಡಿ, ಅಂಚಿನಿಂದ ನಿಧಾನಕ್ಕೆ ಎಬ್ಬಿಸಬೇಕು. ಉಗುರು ಹಾಕಿದರೆ ಬಣ್ಣವೂ ಬರುತ್ತದೆ, ಒಂದು ಹಾಳು ಮಾಡಿ ಕಲಿತದ್ದು. ಫ್ರೇಮ್ ವಿಷಯ ಬೇಡ, ಎರಡು ವಾಪಸ್ ಕೊಟ್ಟೆ.

ಎಲ್ಲಕ್ಕಿಂತ ಜಾಸ್ತಿ ನೋಡುತ್ತಿರುವುದು ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ಅವರ ‘ಜೆ ಮೂಡ್’, 1986ರದ್ದು. ಕವರ್ ಚಿತ್ರಕಾರ ರೊಮೇರ್ ಬೇರ್ಡನ್ ಅವರದು. ಬೇರ್ಡನ್ ಸ್ವತಃ ಹಾಡು ಕಟ್ಟಿದವರು. ಅವರು ಕೈಜೋಡಿಸಿದ ‘ಸೀ ಬ್ರೀಝ್’ ಅನ್ನು ಬಿಲ್ಲಿ ಎಕ್‌ಸ್ಟೀನ್ ಹಾಡಿದ್ದಾರೆ. ಪಿಯಾನೋ ವಾದಕ ಅರ್ಲ್ ಹೈನ್ಸ್ ಅವರನ್ನು ಕೇಳು, ಸ್ವರಗಳ ನಡುವೆ ಬಿಡುವ ಜಾಗ ಗಮನಿಸು ಅಂತ ಇನ್ನೊಬ್ಬ ಚಿತ್ರಕಾರ ಸ್ಟುವರ್ಟ್ ಡೇವಿಸ್ ಬೇರ್ಡನ್ ಅವರಿಗೆ ಹೇಳಿದ್ದರಂತೆ. ಅದನ್ನು ಓದಿದ ಮೇಲೆ ಕವರ್ ನೋಡುವ ರೀತಿಯೇ ಬದಲಾಯಿತು. ಆಕಾರಗಳನ್ನು ಬಿಟ್ಟು ಅವುಗಳ ನಡುವಿನ ಸಂದು ನೋಡುತ್ತಾ ಕೂರುತ್ತೇನೆ.

ಕಳೆದ ಶನಿವಾರ ಬ್ಲೂಸ್ ನುಡಿಸುವಾಗ ನಾನೂ ಹಾಗೇ ಅಲ್ಲಲ್ಲಿ ಜಾಗ ಬಿಟ್ಟೆ. ಎರಡನೇ ಸುತ್ತಿನಲ್ಲಿ ಡ್ರಮ್ಸ್‌ನವನು ಬಗ್ಗಿ ಕೇಳಿದ: “ತಂತಿ ಕಿತ್ತುಹೋಯ್ತಾ?”