ಚಿನ್ನುವಿನ ಹೊಸ ಪಾಸ್‌ಪೋರ್ಟ್, ಅಮ್ಮನ ಬೆರಳು

2025 ಅಕ್ಟೋಬರ್ 11, ಶನಿವಾರ ರಾತ್ರಿ
ರೆಡಿಂಗ್, ಇಂಗ್ಲೆಂಡ್

ಅಕ್ಕನ ಫೋನ್ ಬಂದಾಗ ಹನ್ನೊಂದೂ ಇಪ್ಪತ್ತು. ನಾಳೆ ಸಂಜೆ ಅಮೆರಿಕದ ನೆವಾರ್ಕ್‌ನಿಂದ ಅವರ ವಿಮಾನ. ಸಾಂಬಾರ್ ಪುಡಿ ತರಲಾ ಬೇಡವಾ ಅಂತ ಕೇಳೋಕೆ ಮಾಡಿರಬೇಕು ಅಂದುಕೊಂಡು ಎತ್ತಿದೆ. "ಚಿನ್ನುದು ಇಟಿಎ ಹಳೇ ಪಾಸ್‌ಪೋರ್ಟ್ ಮೇಲಿದೆ ಕಣೇ" ಅಂದಳು. ದನಿ ನಡುಗುತ್ತಿತ್ತು. ಚಿನ್ನು ಅವಳ ಮಗ. ಇಟಿಎ ಅಂದರೆ ಬ್ರಿಟನ್ನಿಗೆ ಹೊರಡುವ ಮೊದಲೇ ಆನ್‌ಲೈನಿನಲ್ಲಿ ಪಡೆಯುವ ಒಪ್ಪಿಗೆ.

ಮಾರ್ಚ್‌ನಲ್ಲಿ ಅಕ್ಕ, ಭಾವ, ಚಿನ್ನು ಮೂವರಿಗೂ ಮಾಡಿಸಿದ್ದರು. ಆಗ ಒಬ್ಬರಿಗೆ 10 ಪೌಂಡ್ ಇತ್ತು, ಏಪ್ರಿಲ್ 9ರಿಂದ 16 ಆಯಿತು. ರಜೆಗೆ ಬಂದು ಹೋದರು, ಏನೂ ತೊಂದರೆ ಆಗಲಿಲ್ಲ. 2 ವರ್ಷ ನಡೆಯುತ್ತೆ ಅನ್ನೋದು ಎಲ್ಲರಿಗೂ ನೆನಪಿತ್ತು. ಅಷ್ಟರೊಳಗೆ ಪಾಸ್‌ಪೋರ್ಟ್ ಮುಗಿದರೆ ಅದೂ ಮುಗಿಯುತ್ತೆ ಅನ್ನೋದು ಯಾರಿಗೂ ನೆನಪಿರಲಿಲ್ಲ. ಮಕ್ಕಳ ಅಮೆರಿಕನ್ ಪಾಸ್‌ಪೋರ್ಟ್‌ಗೆ 5 ವರ್ಷ ಮಾತ್ರ. ಚಿನ್ನುಗೆ ಆಗಸ್ಟ್‌ನಲ್ಲಿ ಹೊಸದು ಬಂತು. ಭಾವ ಅದೇ ವಾರ ಅವನ ಓಸಿಐಗೆ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ದೇಶ ಕೊಡುವ ಕಾರ್ಡ್) ಹೊಸ ಪಾಸ್‌ಪೋರ್ಟ್ ಅಪ್‌ಲೋಡ್ ಮಾಡಿದ್ದಾರೆ, ಶಾಲೆಯಲ್ಲಿ ಕೊಟ್ಟಿದ್ದಾರೆ, ಎಲ್ಲ ಮಾಡಿದ್ದಾರೆ. ಇದೊಂದು ಬಿಟ್ಟುಹೋಗಿದೆ.

ಕೈಯಲ್ಲಿ ಒಂದು ಕಾಗದ, ಒಂದು ಸ್ಟಿಕ್ಕರ್ ಇದ್ದಿದ್ದರೆ ಕಣ್ಣಿಗೆ ಬೀಳುತ್ತಿತ್ತೇನೋ. ಇಟಿಎ ಅಂದರೆ ಬರೀ ಒಂದು ಮೇಲ್. ಪಾಸ್‌ಪೋರ್ಟ್ ನಂಬರಿಗೆ ಅಂಟಿಕೊಂಡು ಎಲ್ಲೋ ಕಂಪ್ಯೂಟರಿನಲ್ಲಿ ಇರುತ್ತೆ. ಅಮೆರಿಕದವರಿಗೆ ಬ್ರಿಟನ್ನಿಗೆ ಬರೋಕೆ ವೀಸಾ ಬೇಡ ಅನ್ನೋದು ಈಗಲೂ ನಿಜ, ಆದರೆ ಈ ಜನವರಿ 8ರಿಂದ ಹೊರಡುವ ಮೊದಲೇ ಈ ಒಪ್ಪಿಗೆ ಪಡೆಯಬೇಕು. ಯುರೋಪಿನವರಿಗೆ ಏಪ್ರಿಲ್ 2ರಿಂದ. ನಮ್ಮ ಆಫೀಸಿನ ಇಟಲಿಯ ಹುಡುಗಿ ಅವಳ ಅಣ್ಣನ ಕೈಗೂಸಿಗೂ ಮಾಡಿಸಬೇಕಾಯಿತು ಅಂತ ಬೇಜಾರು ಮಾಡಿಕೊಂಡಿದ್ದಳು. ಹೌದು, ಹಸುಗೂಸಿಗೂ ಬೇಕು. ಓದುವವರಲ್ಲಿ ಯಾರಾದರೂ ದೀಪಾವಳಿಗೆ ಹೀಗೆ ಮಕ್ಕಳನ್ನ ಕರೆದುಕೊಂಡು ಬರುವವರಿದ್ದರೆ ದಯವಿಟ್ಟು ಈಗಲೇ ಎದ್ದು ನೋಡಿ, ಪಾಸ್‌ಪೋರ್ಟ್ ಬದಲಾಗಿದ್ದರೆ ಹೊಸದಾಗಿ ಮಾಡಿಸಲೇಬೇಕು.

ಫೋನ್ ಸ್ಪೀಕರಿಗೆ ಹಾಕಿಕೊಂಡೇ ಅರ್ಜಿ ತುಂಬಿದರು. ಪಾಸ್‌ಪೋರ್ಟಿನ ಫೋಟೋ, ಅದರೊಳಗಿನ ಚಿಪ್ ಮೇಲೆ ಫೋನ್ ಇಟ್ಟು ಓದಿಸುವುದು, ಮುಖದ ಫೋಟೋ, ನಾಲ್ಕಾರು ಪ್ರಶ್ನೆ. ಚಿನ್ನು ಅಳುತ್ತಿದ್ದ, "ಅಜ್ಜಿ ಬರ್ತಾರೆ, ನಾನು ಹೋಗಲ್ವಾ" ಅಂತ. ದುಡ್ಡು ಕಟ್ಟಿದರು. ಸಾಮಾನ್ಯವಾಗಿ ನಿಮಿಷಗಳಲ್ಲೇ ಉತ್ತರ ಬರುತ್ತೆ. ಆದರೆ 3 ಕೆಲಸದ ದಿನ ಕೈಯಲ್ಲಿಟ್ಟುಕೊಳ್ಳಿ ಅನ್ನುತ್ತಾರೆ, ಇವತ್ತು ಶನಿವಾರ. ಅಕ್ಕ ಸುಮ್ಮನಾದಳು. ನಾನೂ ಸುಮ್ಮನಾದೆ. ಆಮೇಲೆ ಫೋನ್ ಇಟ್ಟೆವು.

ಹನ್ನೆರಡೂವರೆಗೆ ಅಮ್ಮನಿಗೆ ಮಾಡಿದೆ. ತೀರ್ಥಹಳ್ಳಿಯಲ್ಲಿ ಬೆಳಗಿನ ಐದು, ಅಮ್ಮ ಎದ್ದು ಒಲೆ ಹಚ್ಚಿರುತ್ತಾರೆ ಅಂತ ಗೊತ್ತಿತ್ತು. ಹೇಳಬಾರದು ಅಂದುಕೊಂಡಿದ್ದೆ, ದನಿ ಕೇಳಿದ ತಕ್ಷಣ ಹೇಳಿಬಿಟ್ಟೆ.

"ಅಷ್ಟೇನಾ? ಫೋನಿನಲ್ಲೇ ಆಗುತ್ತಾ?" ಅಂದರು.

"ಅವರಿಗೆ ಆಗುತ್ತಮ್ಮ."

ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಹಿಂದೆ ಕುಕ್ಕರ್ ಶಬ್ದ.

ಅಮ್ಮನ ವೀಸಾಗೆ 127 ಪೌಂಡ್ ಕಟ್ಟಿದ್ದೆವು. ನನ್ನ ಸಂಬಳದ ಚೀಟಿ, ಮನೆಯ ಬಾಡಿಗೆ ಕರಾರು, ಕರೆಯುವ ಪತ್ರ, ಅಮ್ಮನ ಬ್ಯಾಂಕ್ ಪುಸ್ತಕ, ತೋಟದ ಪಹಣಿ, ಅದರ ಇಂಗ್ಲಿಷ್ ಅನುವಾದ. ವಾಪಸ್ ಬರುತ್ತೇನೆ ಅಂತ ನಂಬಿಸಬೇಕು, ಅದಕ್ಕೆ ತೋಟ ಸಾಕ್ಷಿ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕಿತ್ತು, ಆ ದಿನ ಯಂತ್ರ ಅಮ್ಮನ ಬೆರಳನ್ನ ಓದಲೇ ಇಲ್ಲ. ಒರೆಸಿ ಇಟ್ಟರು, ಒದ್ದೆ ಮಾಡಿ ಇಟ್ಟರು, ನಾಲ್ಕನೇ ಸಲಕ್ಕೆ ಹೇಗೋ ಬಂತಂತೆ. "ಅಡಿಕೆ ಸುಲಿದೂ ಸುಲಿದೂ ಗೆರೆಯೆಲ್ಲ ಸವೆದು ಹೋಗಿದೆ ಮಗಾ" ಅಂದಿದ್ದರು ಆವತ್ತು. ಆ ಅಡಿಕೆಯಲ್ಲೇ ನಾವಿಬ್ಬರೂ ಓದಿದ್ದು. ಅಕ್ಕನ ಎಂಜಿನಿಯರಿಂಗ್ ಫೀಸು, ನನ್ನ ಮೊದಲ ವಿಮಾನದ ಟಿಕೆಟ್ಟು, ಎಲ್ಲ. ಈಗ ನನ್ನ ಮನೆಯ ಬಾಗಿಲಿಗೆ ಬರೋಕೆ ಅಕ್ಕನಿಗೆ 10 ಪೌಂಡ್ ಸಾಕಾಯಿತು, ಅಮ್ಮನಿಗೆ ಆ ಬೆರಳು ಸಾಲಲಿಲ್ಲ. ನನಗೆ ಇದು ತುಂಬಾ ನೋವು ಕೊಡುತ್ತೆ, ಯಾವ ದೇಶ ಯಾಕೆ ಹೀಗೆ ಮಾಡುತ್ತೆ ಅಂತ ಎಷ್ಟು ಓದಿಕೊಂಡರೂ ಕಡಿಮೆಯಾಗುವುದಿಲ್ಲ.

ಅಮ್ಮ ಮಾತ್ರ ಬೇರೆ ಏನೋ ಯೋಚನೆ ಮಾಡುತ್ತಿದ್ದರು. "ನಿಂದು ಇನ್ನೂ ನಮ್ಮ ಪಾಸ್‌ಪೋರ್ಟೇ ಅಲ್ವಾ?"

"ಹೂಂ ಅಮ್ಮ."

"ಬದಲಾಯಿಸ್ತೀನಿ ಅಂದಿದ್ದೆಯಲ್ಲ."

ಪೌರತ್ವದ ಅರ್ಜಿ ಜುಲೈಯಿಂದ ಲ್ಯಾಪ್‌ಟಾಪಿನಲ್ಲಿ ಅರ್ಧಕ್ಕೇ ನಿಂತಿದೆ. ಎರಡೂ ಇಟ್ಟುಕೊಳ್ಳೋಕೆ ನಮ್ಮ ದೇಶ ಬಿಡುವುದಿಲ್ಲ, ಹೊಸದು ಬಂದರೆ ಇದನ್ನ ಒಪ್ಪಿಸಬೇಕು. ಯೋಚನೆ ಮಾಡುತ್ತಿದ್ದೇನೆ ಅಂದೆ.

ಅಷ್ಟರಲ್ಲಿ ಅಕ್ಕನ ಮೆಸೇಜ್. ಬಂತು! ಒಪ್ಪಿಗೆ ಬಂತು! ಆ ಇ-ಮೇಲ್ ಫೋಟೋ, ಅದರ ಕೆಳಗೆ ಚಿನ್ನು ಸೋಫಾ ಮೇಲೆ ಕುಣಿಯುತ್ತಿರುವ ವಿಡಿಯೋ. ನಾನು ಅಡುಗೆಮನೆಯಲ್ಲೇ ಜೋರಾಗಿ ಕೂಗಿಬಿಟ್ಟೆ, ಅಮ್ಮನೂ ಆ ಕಡೆಯಿಂದ "ಸಿದ್ಧೇಶ್ವರ, ಕಾಪಾಡಿದೆಯಪ್ಪಾ" ಅಂದರು. ಸೋಮವಾರ ಬೆಳಿಗ್ಗೆ ಹೀಥ್ರೋಗೆ ಹೋಗಬೇಕು, ಬುಧವಾರ ಮತ್ತೆ ಅಮ್ಮನನ್ನ ಕರೆತರೋಕೆ. ಇಪ್ಪತ್ತನೇ ತಾರೀಕು ಹಬ್ಬ. ಆರು ವರ್ಷದ ಮೇಲೆ ಅಮ್ಮ, ಅಕ್ಕ, ನಾನು ಮೂವರೂ ಒಂದೇ ಮನೆಯಲ್ಲಿ ಎಣ್ಣೆಸ್ನಾನ.

ಫೋನ್ ಇಡುವಾಗ ಅಮ್ಮ ಮತ್ತೆ ಕೇಳಿದರು. "ನೀನೂ ಬದಲಾಯಿಸಿದರೆ, ನಮ್ಮನೆಗೆ ಬರೋಕೆ ನೀನೂ ಯಾರನ್ನಾದರೂ ಕೇಳಬೇಕಾ?"

ಓಸಿಐ ಅಂತ ಇರುತ್ತೆ ಅಮ್ಮ, ಚಿನ್ನುಗೆ ಇದೆಯಲ್ಲ ಹಾಗೆ, ಒಂದು ಸಲ ಮಾಡಿಸಿದರೆ ಆಯಿತು ಅಂತ ಹೇಳಿದೆ. ಅದಕ್ಕೂ ಅರ್ಜಿ ಹಾಕಬೇಕು ಅನ್ನೋದನ್ನ ಹೇಳಲಿಲ್ಲ. "ಓ" ಅಂದರು. ಆ "ಓ" ಇನ್ನೂ ಕಿವಿಯಲ್ಲಿದೆ.